ಮೋಟಾರು ಮನೆಯ ಮೂರನೇ ತಂತಿ

ಸಣ್ಣಿಯ ದವಡೆ ಹಲ್ಲಿಗೆ ಕೈಕೊಡಲು ಬೇರೆ ದಿನವೇ ಸಿಗಲಿಲ್ಲ. ತಂಗಿಯ ಮಗಳು ಯಮುನಳ ಮದುವೆಗೆ ಒಂಬತ್ತು ದಿನ ಇರುವಾಗ ಬಲಗೆನ್ನೆ ಬನ್ನಿನ ಹಾಗೆ ಊದಿಕೊಂಡಿತು. ಲವಂಗ ಕಚ್ಚಿದಳು, ಹೊಗೆಸೊಪ್ಪು ಒತ್ತಿದಳು, ಬಿಸಿ ಉಪ್ಪಿನ ಗಂಟು ಕಟ್ಟಿದಳು. ಹಲ್ಲು ಯಾವುದಕ್ಕೂ ಜಗ್ಗಲಿಲ್ಲ. ಐದು ದಿನ ಕಳೆಯುವಷ್ಟರಲ್ಲಿ ಬಾಯಿ ಒಂದು ಬೆರಳು ತೂರುವಷ್ಟೇ ತೆರೆಯುತ್ತಿತ್ತು. ಗಂಜಿ ಹೇಗೋ ಇಳಿಯುತ್ತಿತ್ತು. ಹಾಡು ಹೇಗೆ ಹೊರಡಬೇಕು?

ಮಾದಾಪುರದಾಚೆಯ ಕರಡಿಬೆಟ್ಟ ಎಸ್ಟೇಟಿನ ಲೈನಿನಲ್ಲಿ ಸಣ್ಣಿ ಸೋಬಾನೆ ಹೇಳದೆ ಒಂದು ಹೆಣ್ಣೂ ಗಂಡನ ಮನೆಗೆ ಹೊರಟದ್ದಿಲ್ಲ. ಲೈನು ಎಂದರೆ ಒಂದೇ ತಗಡಿನ ಸೂರು, ಅದರಡಿ ಹನ್ನೆರಡು ಬಾಗಿಲು, ಹನ್ನೆರಡು ಒಲೆ; ಕರೆಂಟಿನ ದೀಪ ಮಾತ್ರ ಒಂದೂ ಇಲ್ಲ. ಆ ಹನ್ನೆರಡು ಬಾಗಿಲಿನ ಹೆಣ್ಣುಮಕ್ಕಳಿಗೂ ಹಾಡಿದ ಬಾಯಿ ಅದು. ಈಗ ತಂಗಿ ತೀರಿಕೊಂಡ ಮೇಲೆ ತಾನೇ ಎತ್ತಿ ಬೆಳೆಸಿದ ಹುಡುಗಿಯ ಧಾರೆಗೆ ಮೂಕಿಯಾಗಿ ಕೂರಬೇಕೆ? ಭಾನುವಾರ ಮದುವೆ, ಇವತ್ತು ಬುಧವಾರ. "ನೀ ಹಾಡ್ದಿದ್ರೆ ನಾ ಹಸೆಮಣೆ ಹತ್ತಲ್ಲ ದೊಡ್ಡವ್ವ" ಎಂದು ಹುಡುಗಿ ಬೇರೆ ಹಟ ಹಿಡಿದಿದ್ದಳು.

ಅಂಥ ಬುಧವಾರ ಬೆಳಿಗ್ಗೆ ಹಲ್ಲಿನ ಗಾಡಿ ಬಂತು.

ಗಾಡಿ ಎಂದರೆ ಬರೀ ಗಾಡಿಯಲ್ಲ, ಚಕ್ರದ ಮೇಲೆ ಕೂತ ಮನೆ. ಯುದ್ಧದ ಕಾಲದ ಮಿಲಿಟರಿ ಲಾರಿಗೆ ಬಿಳಿ ಬಣ್ಣ ಬಳಿದು, ಕಿಟಕಿ ಕೊರೆದು, ಒಳಗೆ ಒಂದು ಮಂಚ, ಒಂದು ಸ್ಟವ್ವು, ಕೈತೊಳೆಯುವ ಬೋಗುಣಿ, ಹಲ್ಲು ಕೀಳುವ ಕುರ್ಚಿ, ಹಲ್ಲು ಕೊರೆಯುವ ಯಂತ್ರ, ಇಕ್ಕಳಗಳನ್ನು ಕುದಿಸುವ ಕರೆಂಟಿನ ಪಾತ್ರೆ, ಎಲ್ಲವನ್ನೂ ಹೊಂದಿಸಿದ್ದರು. ಅದರಲ್ಲಿ ವಾಸ ಮಾಡಿಕೊಂಡು ಎಸ್ಟೇಟಿನಿಂದ ಎಸ್ಟೇಟಿಗೆ ತಿರುಗುವವರು ಡಾಕ್ಟರ್ ಸುಲೋಚನ. ಶನಿವಾರಸಂತೆ ಕಡೆಯ ಹುಡುಗಿ, ಬೆಂಗಳೂರಲ್ಲಿ ಹಲ್ಲಿನ ವಿದ್ಯೆ ಕಲಿತು ಬಂದವರು. ಗಾಡಿ ಓಡಿಸುವವರು ಅವರ ಚಿಕ್ಕಪ್ಪ ಮರುಳಸಿದ್ದಪ್ಪ. ಊರಿನವರು ಅದಕ್ಕೆ ಇಟ್ಟ ಹೆಸರು ಮೋಟಾರು ಮನೆ.

ಅದು ಬರುವುದು ಕೂಲಿಯವರಿಗಾಗಿ ಎಂದು ಮೊದಲೇ ಕಾಗದ ಬಂದಿತ್ತು. ಆದರೆ ಮ್ಯಾನೇಜರ್ ಪೂವಯ್ಯನವರಿಗೂ ಒಂದು ಹಲ್ಲು ನೋಯುತ್ತಿತ್ತು. ನೋಯುವ ಹಲ್ಲಿನವನು ಕಾಗದ ಓದಿದರೆ ಅದರಲ್ಲಿ ತನ್ನ ಹೆಸರೇ ಕಾಣುತ್ತದೆ. ಗಾಡಿ ಸೀದಾ ಗುಡ್ಡದ ಮೇಲಿನ ಬಂಗಲೆಯ ಮುಂದೆ ನಿಂತಿತು. ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಶಿವಶಂಕರಪ್ಪ ಲೈನಿಗೆ ಬಂದು ಸಾರಿದ: "ಮೊದ್ಲು ಬಂಗಲೆಯವ್ರು, ಆಮೇಲೆ ಆಫೀಸಿನವ್ರು. ಶನಿವಾರ ಸಂಜೆ ಟೈಮ್ ಉಳಿದ್ರೆ ನಿಮ್ದು."

ಸಣ್ಣಿ ಕೈಯಲ್ಲಿ ಕೆನ್ನೆ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡೇ ಹೇಳಿದಳು: "ಭಾನುವಾರ ನಮ್ಮನೇಲಿ ಮದುವೆ ರೈಟ್ರೇ."

"ಮದುವೆ ಹುಡುಗೀದೋ, ನಿನ್ನ ಹಲ್ಲಿಂದೋ?" ಎಂದು ನಕ್ಕು ಹೋದ.

ಸಣ್ಣಿ ಕಾಯುವ ಪೈಕಿಯಲ್ಲ. ಪಕ್ಕದ ಬಾಗಿಲಿನ ಮುದುಕಿ ಬೋಜಮ್ಮನನ್ನೂ ಇನ್ನು ಏಳೆಂಟು ಹೆಂಗಸರನ್ನೂ ಕರೆದುಕೊಂಡು ಗುಡ್ಡ ಹತ್ತಿದಳು. ಬಂಗಲೆಯ ಗೇಟಿನ ಬಳಿ ಎಲ್ಲರೂ ಚಪ್ಪಲಿ ಬಿಟ್ಟರು. ಅದು ಅಲ್ಲಿಯ ಕಟ್ಟಳೆ. ಬಿಳಿ ದೊರೆಗಳು ಹೋಗಿ ಹದಿನಾರು ವರ್ಷ, ಕೊಡಗು ಮೈಸೂರಿಗೆ ಸೇರಿ ಏಳು ವರ್ಷ. ಯಾರು ಬಂದರೂ ಯಾರು ಹೋದರೂ ಲೈನಿನವರ ಚಪ್ಪಲಿ ಮಾತ್ರ ಇನ್ನೂ ಗೇಟಿನ ಹೊರಗೇ ಇತ್ತು. ಅಷ್ಟು ಸಾಲದು ಎಂಬಂತೆ, ಕೆಮ್ಮಣ್ಣಿನ ಕಾಲು ಕಲ್ಲುಚಪ್ಪಡಿಯ ಮೇಲೆ ಅಚ್ಚು ಮೂಡಿಸಬಾರದೆಂದು ಗೇಟಿನ ಒಳಗೊಂದು ನಲ್ಲಿ. ಅಲ್ಲಿ ಕಾಲು ತೊಳೆದು ಒದ್ದೆ ಪಾದದಲ್ಲೇ ಮುಂದೆ ಹೋಗಬೇಕು.

ಅಷ್ಟರಲ್ಲಿ ರೈಟರ್ ಗಾಡಿಗೆ ಕರೆಂಟು ಕೊಟ್ಟಾಗಿತ್ತು. ಎಸ್ಟೇಟಿನ ವೈರ್‌ಮನ್ ಬೆಳ್ಯಪ್ಪ ಕೆಳಗೆ ಪಲ್ಪರ್ ಮನೆಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಗ್ರೀಸು ಹಚ್ಚುತ್ತಿದ್ದ. ಅವನನ್ನು ಕರೆಯುವಷ್ಟು ತಾಳ್ಮೆ ಯಾರಿಗಿತ್ತು? "ಕರೆಂಟು ನಂಗೂ ಗೊತ್ತು" ಎಂದು ರೈಟರ್ ಗಾಡಿಯ ಹೊಟ್ಟೆಯೊಳಗಿನ ಉರುಳೆಯಿಂದ ದಪ್ಪ ಕೇಬಲನ್ನು ಬೇಕಾದಷ್ಟೇ ಎಳೆದ, ಉಳಿದದ್ದನ್ನು ಸುತ್ತಿದಂತೆಯೇ ಬಿಟ್ಟ. ತುದಿಯಲ್ಲಿ ಮೂರು ತಂತಿಗಳಿದ್ದವು: ಕೆಂಪು, ಕಪ್ಪು, ಹಸುರು. ವರಾಂಡದ ಮೇಜುದೀಪದ ಪ್ಲಗ್ಗಿಗೆ ಇದ್ದದ್ದು ಎರಡೇ ತೂತು. "ಎರಡಿದ್ರೆ ದೀಪ ಉರಿಯುತ್ತೆ. ಮೂರನೇದು ಬರೀ ದುಂದು" ಎಂದು ಹಸುರನ್ನು ಮಡಚಿ ಕಟ್ಟಿ, ಉಳಿದೆರಡನ್ನು ತುರುಕಿದ. ಗಾಡಿಯೊಳಗೆ ದೀಪ ಹೊತ್ತಿತು. ಡಾಕ್ಟರ್ ಪಾತ್ರೆಯಲ್ಲಿ ಇಕ್ಕಳಗಳನ್ನು ಕುದಿಯಲು ಇಟ್ಟು ಹೊರಗೆ ಬಂದವರು ಸಣ್ಣಿಯ ಕೆನ್ನೆ ನೋಡಿ ಅಲ್ಲೇ ನಿಂತುಬಿಟ್ಟರು.

"ಎಷ್ಟು ದಿನದಿಂದ ಹಿಂಗಿದೆ ಅಕ್ಕಾ? ಒಳಗೆ ಕೀವು ತುಂಬಿದೆ. ಮೊದ್ಲು ಇವರನ್ನ ನೋಡ್ತೀನಿ. ಬನ್ನಿ, ಹತ್ತಿ."

ಪೂವಯ್ಯನವರ ಮುಖ ಹುಳಿಯಾಯಿತು. ಸಣ್ಣಿ ಅದನ್ನು ಗಮನಿಸಲಿಲ್ಲ. ಒದ್ದೆ ಕಾಲಲ್ಲಿ ಎರಡು ಹೆಜ್ಜೆಗೆ ಗಾಡಿ ತಲುಪಿ ಬಾಗಿಲ ಪಕ್ಕದ ಕಬ್ಬಿಣದ ಹಿಡಿಗೆ ಕೈಯಿಟ್ಟಳು.

ಇಟ್ಟವಳು ಕಿರಿಚಿಕೊಂಡು ಹಿಂದಕ್ಕೆ ಬಿದ್ದಳು. ಮೊಣಕೈವರೆಗೆ ಸಾವಿರ ಇರುವೆ ಒಟ್ಟಿಗೆ ಕಚ್ಚಿದಂತಾಗಿತ್ತು.

"ಏನೇ ಅದು?" ಎನ್ನುತ್ತಾ ಬೋಜಮ್ಮ ಹಿಡಿ ಮುಟ್ಟಿದಳು. ಅವಳೂ ಕುಣಿದುಬಿಟ್ಟಳು.

ಪೂವಯ್ಯನವರು ಬೂಟುಗಾಲಲ್ಲಿ ಗತ್ತಿನಿಂದ ನಡೆದು ಬಂದು ಅದೇ ಹಿಡಿಯನ್ನು ಹಿಡಿದರು. ಏನೂ ಇಲ್ಲ. ಬಿಟ್ಟು ಮತ್ತೆ ಹಿಡಿದರು. ಏನೂ ಇಲ್ಲ. "ನೋಡಿ ಡಾಕ್ಟ್ರೇ, ಇದು ಇವರ ನಾಟಕ. ಕೆಲಸಕ್ಕೆ ಕರೆದ್ರೆ ಸೊಂಟನೋವು, ಗಾಡಿ ಹತ್ತು ಅಂದ್ರೆ ಷಾಕು. ಲೈನಿನಲ್ಲೇ ಹೇಳಿಕೊಟ್ಟು ಕರ್ಕೊಂಡು ಬಂದಿದಾಳೆ ಇವಳು."

ರಬ್ಬರು ಚಪ್ಪಲಿ ಮೆಟ್ಟಿದ್ದ ಡಾಕ್ಟರಿಗೂ ಏನೂ ತಗುಲಲಿಲ್ಲ. ಆದರೆ ಅವರು ಸಣ್ಣಿಯ ಮುಂಗೈಯ ಕೂದಲು ನಿಮಿರಿ ನಿಂತದ್ದನ್ನು ನೋಡಿದರು. "ನಾಟಕದಲ್ಲಿ ಕೂದಲು ನಿಮಿರಲ್ಲ ಸರ್. ನಿಮ್ಮ ವೈರ್‌ಮನ್ ಕರೆಸಿ. ಅಲ್ಲೀವರೆಗೆ ಯಾರೂ ಗಾಡಿ ಮುಟ್ಟಬೇಡಿ" ಎಂದರು.

ಬೆಳ್ಯಪ್ಪ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಬಂದ. ಮಾತಿಗಿಂತ ಮೊದಲು ವರಾಂಡಕ್ಕೆ ಹೋಗಿ ಸ್ವಿಚ್ ಆರಿಸಿ, ತುರುಕಿದ್ದ ತಂತಿಗಳನ್ನು ಕಿತ್ತ. ಸುತ್ತಿದ ಕೇಬಲನ್ನು ಮುಟ್ಟಿ ನೋಡಿದ. ಬಿಸಿ. ಮಡಚಿ ಕಟ್ಟಿದ್ದ ಹಸುರು ತಂತಿಯನ್ನು ನೋಡಿ ಅವನ ಬಾಯಿಂದ ಮನೆಮಾತೇ ಬಂತು.

"ಅರ್ತ್ ಇಲ್ಲೆ, ಎಂತದೂ ಇಲ್ಲೆ! ಯಾರಪ್ಪ ಈ ಪುಣ್ಯಾತ್ಮ?"

ರೈಟರ್ ಕಾಫಿ ಗಿಡದ ಕಡೆ ನೋಡತೊಡಗಿದ.

"ದೀಪ ಉರಿಸೋಕೆ ಎರಡು ಸಾಕು ರೈಟ್ರೇ. ಜನ ಉಳಿಯೋಕೆ ಮೂರು ಬೇಕು" ಎಂದ ಬೆಳ್ಯಪ್ಪ. ಒಳಗೆ ಹೋಗಿ ಹುಡುಕಿದ. ಕುದಿಸುವ ಪಾತ್ರೆಯ ತಂತಿ ಗಾಡಿಯ ಓಡಾಟಕ್ಕೆ ಒಂದು ಕಡೆ ಉಜ್ಜಿ ಸವೆದು ಗಾಡಿಯ ಕಬ್ಬಿಣಕ್ಕೆ ತಾಗುತ್ತಿತ್ತು. ಹೊರಗೆ ಬಂದು ಸಣ್ಣಿಗೆ ಕೇಳುವಂತೆ ವಿವರಿಸಿದ: "ಗಾಡಿ ನಿಂತಿರೋದು ರಬ್ಬರು ಚಕ್ರದ ಮೇಲೆ. ಸೋರಿದ ಕರೆಂಟಿಗೆ ನೆಲಕ್ಕಿಳಿಯೋಕೆ ದಾರಿ ಇಲ್ಲ. ಹಸುರು ತಂತಿ ಇದ್ದಿದ್ರೆ ಅದೇ ದಾರಿ, ಅದಕ್ಕೇ ಅರ್ತ್ ಅನ್ನೋದು. ಅದಿಲ್ಲ ಅಂದ್ಮೇಲೆ ಬರಿಗಾಲಲ್ಲಿ ಬಂದವರೇ ದಾರಿ."

"ಸುಳ್ಳು!" ಎಂದರು ಪೂವಯ್ಯ. "ನಾನು ಎರಡು ಸಲ ಹಿಡಿದೆ."

"ನೀವು ಬೂಟಲ್ಲಿದ್ದಿರಿ ದೊರೆ."

"ಅದಕ್ಕೇನೀಗ?"

"ಬೂಟು ಇಲ್ಲದವರಿಗೆ ಗೊತ್ತಾಗೋದು ಬೂಟು ಇರೋವರಿಗೆ ಗೊತ್ತಾಗಲ್ಲ. ಅಷ್ಟೇ."

ಹೆಂಗಸರ ಗುಂಪಿನಲ್ಲಿ ಯಾರೋ "ಹ್ಞೂಂ" ಎಂದರು. ಆ ಹ್ಞೂಂಕಾರ ಪೂವಯ್ಯನವರ ಮರ್ಯಾದೆಗೆ ಚುಚ್ಚಿತು. "ಹಾಗಾದ್ರೆ ಬಿಚ್ಚಿಯೇ ತೋರಿಸ್ತೀನಿ" ಎಂದುಬಿಟ್ಟರು.

"ಬೇಡ ದೊರೆ, ಕರೆಂಟಿನ ಹತ್ರ ಪಂದ್ಯ ಬೇಡ" ಎಂದ ಬೆಳ್ಯಪ್ಪ. ಪೂವಯ್ಯ ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಬೂಟಿನ ಲಾಡಿ ಎಳೆದರು. ಒಂದು ಬೂಟು ಕಳಚಿತು, ಇನ್ನೊಂದು ಕಳಚಿತು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು, ಅದನ್ನೂ ಕಳಚಿದರು. ಕರಡಿಬೆಟ್ಟದ ಮ್ಯಾನೇಜರರಿಗೂ ಎಲ್ಲರ ಹಾಗೆ ಹತ್ತು ಕಾಲ್ಬೆರಳುಗಳಿವೆ ಎನ್ನುವುದು ಲೈನಿನವರಿಗೆ ಅವತ್ತೇ ಗೊತ್ತಾದದ್ದು. ಬೆಳ್ಯಪ್ಪ ವಿಧಿಯಿಲ್ಲದೆ ತಂತಿಗಳನ್ನು ಮತ್ತೆ ಸಿಕ್ಕಿಸಿ, ಪರೀಕ್ಷೆಯ ಬಲ್ಬು ಹಿಡಿದು, ಸೋರುವುದು ಎಷ್ಟೆಂದು ಅಳೆದ. ಬಲ್ಬಿನ ತಂತಿ ಸ್ವಲ್ಪವೇ ಕೆಂಪಾಯಿತು. ಆಮೇಲೆ ಅವನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ.

"ಹಿಡೀಬೇಡಿ. ಹಿಂಗೈಯಲ್ಲಿ ಬರೀ ತಾಗಿಸಿ. ಅಂಗೈಯಾದ್ರೆ ಮುಷ್ಟಿ ಕಚ್ಚಿಕೊಳ್ಳುತ್ತೆ."

ಪೂವಯ್ಯ ಹೆಂಗಸರ ಪಾದಗಳಿಂದ ಒದ್ದೆಯಾದ ಅದೇ ಚಪ್ಪಡಿಯ ಮೇಲೆ ನಿಂತು ಹಿಂಗೈ ತಾಗಿಸಿದರು.

"ಅವ್ವಾ!"

ಟಕ್ಕೆಂದು ಸ್ವಿಚ್ ಆರಿತು. ದೊರೆ ಎರಡಡಿ ಆಚೆ ನೆಗೆದು ಕ್ರೋಟನ್ ಕುಂಡವನ್ನು ತಬ್ಬಿಕೊಂಡು ನಿಂತಿದ್ದರು. ಐದು ದಿನದಿಂದ ಬಾಯಿ ತೆರೆಯಲಾರದ ಸಣ್ಣಿಯ ನಗು ಮೂಗಿನಿಂದ ನುಗ್ಗಿತು. ನೋವಿಗೆ ಕಣ್ಣಲ್ಲಿ ನೀರು, ನಗುವಿಗೂ ನೀರು. ಅವಳನ್ನು ನೋಡಿ ಬೋಜಮ್ಮ, ಬೋಜಮ್ಮನನ್ನು ನೋಡಿ ಎಲ್ಲರೂ. ಕೊನೆಗೆ ಡಾಕ್ಟರೂ ಸೆರಗು ಬಾಯಿಗೆ ಒತ್ತಿಕೊಂಡರು.

"ನಾಟಕ ಚೆನ್ನಾಗಿತ್ತು ದೊರೆ" ಎಂದಳು ಬೋಜಮ್ಮ.

ಬೆಳ್ಯಪ್ಪ ಸವೆದ ತಂತಿಗೆ ಟೇಪು ಸುತ್ತಿ ಸರಿಮಾಡಿದ. ಪೂವಯ್ಯ ಬೂಟು ಹಾಕಿಕೊಂಡು ಮತ್ತೆ ದನಿಯೇರಿಸಿದರು: "ಸರಿಯಾಯ್ತಲ್ಲ, ಇನ್ನು ಶುರುಮಾಡಿ."

"ಇವತ್ತು ಇಲ್ಲಿ ಸವೆದಿತ್ತು, ನಾಳೆ ಇನ್ನೊಂದು ಕಡೆ ಸವೆದ್ರೆ? ಅರ್ತ್ ಹಾಕದೆ ನಾನು ಕರೆಂಟು ಕೊಡಲ್ಲ."

ಬಂಗಲೆಯದು ಹಳೇ ವೈರಿಂಗು, ಅದರಲ್ಲಿ ಮೂರನೇ ತಂತಿಯೇ ಇರಲಿಲ್ಲ. ಬೆಳ್ಯಪ್ಪ ಅಂಗಳದಲ್ಲಿ ಕಬ್ಬಿಣದ ಕೊಳವೆಯೊಂದನ್ನು ನೆಲಕ್ಕೆ ಹೊಡೆದ. ಒಂದೂವರೆ ಅಡಿಗೆ ಠಣ್ಣೆಂದಿತು, ಬಂಡೆ. ಆಚೆ ಹೊಡೆದ, ಮತ್ತೆ ಬಂಡೆ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ, ಗುಡ್ಡದ ಮಣ್ಣು ಹುರಿದ ರಾಗಿಯಂತೆ ಒಣಗಿತ್ತು. ಹನ್ನೆರಡು ಕೊಡ ನೀರು ಸುರಿದರೂ ಎಲ್ಲ ಇಳಿಜಾರಿಗೆ ಹರಿದುಹೋಯಿತು. ಕೆಂಪು ತಂತಿಗೂ ಕೊಳವೆಗೂ ನಡುವೆ ಬಲ್ಬು ಹಿಡಿದರೆ ಮಿಣುಕುಹುಳದಷ್ಟು ಬೆಳಕು.

"ನೆಲ ಕರೆಂಟನ್ನ ಕುಡೀತಿಲ್ಲ. ಕುಡಿದ್ರೆ ಬಲ್ಬು ಪೂರ್ತಿ ಉರೀಬೇಕು" ಎಂದ ಬೆಳ್ಯಪ್ಪ. ಅವನ ಕಣ್ಣು ಇಳಿಜಾರಿನ ಕೆಳಗೆ, ಪಲ್ಪರ್ ಮನೆಯ ಪಕ್ಕದ ತಗಡಿನ ಸೂರಿನ ಮೇಲೆ ನಿಂತಿತು. "ಇದಕ್ಕೆ ವರ್ಷವಿಡೀ ತೇವ ಇರೋ ಜಾಗ ಬೇಕು. ಪಲ್ಪರ್ ಮನೇಲಿ ಒಳ್ಳೇ ಬೋರ್ಡಿದೆ, ಫ್ಯೂಸಿದೆ. ಅಲ್ಲಿಂದ ಲೈನಿನ ಅಂಗಳಕ್ಕೆ ನಲವತ್ತು ಗಜ. ಗಾಡಿಯ ಕೇಬಲು ಸರಿಹೋಗುತ್ತೆ."

ತೇವ! ಸಣ್ಣಿಗೆ ಮತ್ತೆ ನಗು ಬಂತು, ಆದರೆ ಈ ಸಲದ ನಗುವಿನಲ್ಲಿ ಬೆಂಕಿಯಿತ್ತು. ಜೌಗಿನ ಅಂಚಿಗೆ ಲೈನು ಕಟ್ಟಿದ್ದರು. ಬೇಸಿಗೆಯಲ್ಲೂ ಗೋಡೆಗೆ ಪಾಚಿ, ಚಾಪೆಯಡಿ ನೀರು, ಮಕ್ಕಳ ಎದೆಯಲ್ಲಿ ಗೊರಗೊರ. ತೇವ ತೇವ ಎಂದು ಹತ್ತು ವರ್ಷದಿಂದ ಹೆಬ್ಬೆಟ್ಟೊತ್ತಿ ಅರ್ಜಿ ಕೊಟ್ಟಿದ್ದರು. ಪ್ರತಿ ಸಲವೂ ಆಫೀಸು ಬರೆದ ಉತ್ತರ ಒಂದೇ: ಲೈನಿನ ನೆಲ ಒಣಗಿದೆ. ಸಣ್ಣಿ ಊದಿದ ಬಾಯಲ್ಲೇ ರೈಟರನ್ನು ಕೇಳಿದಳು:

"ನಮ್ಮ ಲೈನು ಒಣ ಭೂಮಿ ಅಂತ ಬರೆದಿದ್ದಿರಲ್ಲ ರೈಟ್ರೇ. ಅಲ್ಲಿ ಅರ್ತ್ ಹೆಂಗೆ ಆಗುತ್ತೆ?"

ರೈಟರ್ ಪೂವಯ್ಯನವರ ಮುಖ ನೋಡಿದ. ಪೂವಯ್ಯ ನೆಲ ನೋಡಿದರು.

"ಲೈನಿಗಾ? ನಾನು, ನಮ್ಮ ಮನೆಯವರು, ಲೈನಿಗೆ ಹೋಗಿ ಬಾಯಿ ತೆರೀಬೇಕಾ?" ಎಂದರು ಪೂವಯ್ಯ.

ಡಾಕ್ಟರ್ ಸುಲೋಚನ ಚೀಲದಿಂದ, ಮೊದಲೇ ಕಳಿಸಿದ್ದ ಕಾಗದದ ನಕಲು ತೆಗೆದು ಅವರ ಕೈಗಿಟ್ಟರು. "ಕಾಗದದಲ್ಲಿ ಬರೆದಿರೋದೇ ಲೈನಿನವರಿಗೆ ಅಂತ. ನೀವು ಬಂದ್ರೆ ಬೇಡ ಅನ್ನಲ್ಲ. ಚಿಕ್ಕಪ್ಪಾ, ಗಾಡಿ ತೆಗೀರಿ."

"ತೆಗೆದೆ ಮಗಾ" ಎಂದು ಮರುಳಸಿದ್ದಪ್ಪ ಎಂಜಿನ್ ಗುಡುಗಿಸಿದರು.

ಗಾಡಿಯ ಹಿಂದೆ ಹೆಂಗಸರು ಇಳಿದರು. ಗೇಟಿನಾಚೆ ಚಪ್ಪಲಿ ಮೆಟ್ಟಿಕೊಂಡರು.

ಕೆಳಗೆ ಬೆಳ್ಯಪ್ಪ ಹೇಳಿದ್ದೇ ಕಾನೂನಾಯಿತು. ಚಕ್ರಗಳಿಗೆ ಕಲ್ಲು ಕೊಟ್ಟರು. ಉರುಳೆಯಿಂದ ಕೇಬಲನ್ನು ಕೊನೆಯ ಸುತ್ತಿನವರೆಗೂ ಬಿಚ್ಚಿಸಿದ. "ಸುತ್ತಿಟ್ಟ ಕೇಬಲು ಒಳಗೊಳಗೇ ಬೇಯುತ್ತೆ. ಬಿಚ್ಚಿ ಗಾಳಿಗೆ ಬಿಟ್ರೆ ತಣ್ಣಗಿರುತ್ತೆ" ಎಂದ. ದನಕರು ತುಳಿಯದಂತೆ, ಮಕ್ಕಳ ಕೈಗೆ ಎಟುಕದಂತೆ ಬಿದಿರಿನ ಕವೆಗಳನ್ನು ನೆಟ್ಟು ಅದರ ಮೇಲೆ ಹಾಯಿಸಿದರು. ಅಂಗಳದ ಮೂಲೆಯಲ್ಲಿ ಆಳೆತ್ತರದ ಗುಂಡಿ ತೋಡಿ ಕೊಳವೆ ನಿಲ್ಲಿಸಿದರು. ಮೂರಡಿಗೇ ನೀರು ಒಸರುತ್ತಿತ್ತು.

"ಕೊಳವೆ ಸುತ್ತ ಒಂದು ವರಸೆ ಇದ್ದಲು, ಒಂದು ವರಸೆ ಉಪ್ಪು ತುಂಬಬೇಕು. ಅದು ತೇವ ಹಿಡಿದಿಟ್ಟುಕೊಳ್ಳುತ್ತೆ. ರೈಟ್ರೇ, ಸ್ಟೋರಿಂದ ಒಂದು ಮೂಟೆ ಉಪ್ಪು ಕೊಡಿಸಿ."

"ದನಕ್ಕೆ ಅಂತ ತರಿಸಿದ ಉಪ್ಪು. ಗುಂಡಿಗೆ ಹಾಕೋಕೆ ಆರ್ಡರ್ ಇಲ್ಲ."

ಸಣ್ಣಿ ತನ್ನ ಬಾಗಿಲಿಗೆ ಹೋಗಿ ಒಲೆಯ ಇದ್ದಲನ್ನು ಮೊರದಲ್ಲಿ, ಗಡಿಗೆಯ ಕಲ್ಲುಪ್ಪನ್ನು ಮಡಿಲಲ್ಲಿ ಹಾಕಿಕೊಂಡು ಬಂದು ಗುಂಡಿಗೆ ಸುರಿದಳು. ಅವಳ ಹಿಂದೆ ಬೋಜಮ್ಮ. ಆಮೇಲೆ ಹನ್ನೆರಡು ಬಾಗಿಲೂ ತೆರೆದವು, ಹನ್ನೆರಡು ಗಡಿಗೆಯೂ ಬರಿದಾದವು. ಮದುವಣಗಿತ್ತಿ ಯಮುನ ಅರಿಶಿನದ ಕೈಯಲ್ಲೇ ಒಂದು ಬೊಗಸೆ ತಂದಳು.

"ಗುಂಡಿಗೆ ಮಡಿಲು ತುಂಬೋ ಹಾಗಿದೆ ಕಣೇ" ಎಂದಳು ಬೋಜಮ್ಮ. ಆ ಮಾತನ್ನು ಸಣ್ಣಿ ಮನಸ್ಸಿನಲ್ಲಿ ಎತ್ತಿಟ್ಟುಕೊಂಡಳು.

ಮಣ್ಣು ಮುಚ್ಚಿ, ನೀರು ಹೊಯ್ದು, ಹಸುರು ತಂತಿಯನ್ನು ಕೊಳವೆಗೆ ನಟ್ಟು ಹಾಕಿ ಬಿಗಿದರು. ಬೆಳ್ಯಪ್ಪ ಪಲ್ಪರ್ ಮನೆಯ ಕೆಂಪು ತಂತಿಗೂ ಕೊಳವೆಗೂ ನಡುವೆ ಬಲ್ಬು ಹಿಡಿದ. ನಡುಮಧ್ಯಾಹ್ನದ ಬಿಸಿಲಲ್ಲೂ ಕಣ್ಣು ಕುಕ್ಕುವಂತೆ ಉರಿಯಿತು. "ಒಳ್ಳೇದುಟ್ಟು!" ಎಂದು ತನಗೆ ತಾನೇ ಹೇಳಿಕೊಂಡ. ಮೇನ್ ಸ್ವಿಚ್ ಆರಿಸಿ, ಗಾಡಿಯೊಳಗಿನ ಸ್ವಿಚ್ಚುಗಳೆಲ್ಲ ಆರಿವೆಯೇ ಎಂದು ನೋಡಿದ. ಕೇಬಲನ್ನು ಮೊದಲು ಗಾಡಿಗೆ ಸಿಕ್ಕಿಸಿದ, ಆಮೇಲೆ ಬೋರ್ಡಿಗೆ. ಎಲ್ಲಕ್ಕಿಂತ ಕೊನೆಗೆ ಮೇನ್ ಹಾಕಿದ. ಒಂದಾದ ಮೇಲೊಂದರಂತೆ ಒಳಗಿನ ಸ್ವಿಚ್ಚುಗಳನ್ನೂ ಹಾಕಿದ. ಕುದಿಸುವ ಪಾತ್ರೆ ಗುಂಯ್ ಎಂದಿತು. ಬಲ್ಬಿನ ಒಂದು ತುದಿಯನ್ನು ಗಾಡಿಯ ಮೈಗೆ, ಇನ್ನೊಂದನ್ನು ಒದ್ದೆ ನೆಲಕ್ಕೆ ಹಿಡಿದು ನೋಡಿದ, ಕೆಂಪಿನ ಸುಳಿವೂ ಇಲ್ಲ. ಬಳಿಕ ಚಪ್ಪಲಿ ಬಿಟ್ಟು, ಹಿಂಗೈಯನ್ನು ತಾನೇ ಬಾಗಿಲ ಹಿಡಿಗೆ ತಾಗಿಸಿದ. ನಕ್ಕ.

"ಬಾ ಸಣ್ಣಿ."

ಸಣ್ಣಿಯ ಕೈ ಮುಂದೆ ಹೋಗಲಿಲ್ಲ. ಬೆಳಗಿನ ಇರುವೆಗಳು ಇನ್ನೂ ಮೊಣಕೈಯಲ್ಲಿ ಓಡಾಡುತ್ತಿದ್ದವು. ಅವಳು ಯಮುನಳ ಮುಖ ನೋಡಿದಳು. ಚಪ್ಪಲಿ ಬಿಟ್ಟಳು. ಬೇಕೆಂದೇ ಒಂದು ಚೊಂಬು ನೀರನ್ನು ಪಾದದ ಮೇಲೆ ಸುರಿದುಕೊಂಡು, ಒದ್ದೆ ಕಾಲಲ್ಲೇ ಹೋಗಿ ಹಿಡಿಯನ್ನು ಹಿಡಿದಳು.

ತಣ್ಣಗಿತ್ತು. ಕಬ್ಬಿಣ ಬರೀ ಕಬ್ಬಿಣವಾಗಿತ್ತು.

ಹತ್ತಿಯೇಬಿಟ್ಟಳು. ಸೂಜಿ, ಬಾಯಿಯ ಅರ್ಧ ಮರಗಟ್ಟಿದ್ದು, ಡಾಕ್ಟರ್ "ಆಯ್ತಕ್ಕಾ, ಆಯ್ತು" ಎನ್ನುತ್ತಲೇ ಕೀವು ಬಸಿದದ್ದು, ಬಟ್ಟಲಿನಲ್ಲಿ ಹಲ್ಲು ಟಣ್ಣೆಂದದ್ದು. ಕಡಲೆಕಾಳಿನಷ್ಟಿತ್ತು ಆ ಪಾಪಿ. ಇಷ್ಟು ಚಿಕ್ಕದ್ದಕ್ಕೆ ಇಷ್ಟು ದರ್ಬಾರೆ ಎಂದು ಸಣ್ಣಿ ಬಂಗಲೆಯ ಕಡೆಗೊಮ್ಮೆ ನೋಡಿದಳು.

ಆ ಮೂರು ದಿನ ಲೈನಿನ ಅಂಗಳದಲ್ಲಿ ಸಂತೆ. ಬಂದ ಕ್ರಮದಲ್ಲಿ ಚೀಟಿ. ಗಾಡಿಯ ಒಳಗನ್ನು ಔಷಧಿ ನೀರಲ್ಲಿ ಒರೆಸುತ್ತಿದ್ದರಿಂದ ಎಲ್ಲರೂ ಮೆಟ್ಟು ಹೊರಗೇ ಬಿಡಬೇಕೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು. ಎರಡನೇ ದಿನ ಮರುಳಸಿದ್ದಪ್ಪ, ಇಕ್ಕಳ ಕುದಿಯುವಾಗಲೇ ಕರೆಂಟಿನ ಕೆಟಲಿನಲ್ಲಿ ಕಾಫಿಗಿಟ್ಟು ಫ್ಯೂಸು ಹಾರಿಸಿ, ಬೆಳ್ಯಪ್ಪನಿಂದ ಎಲ್ಲರ ಎದುರು ಬೈಸಿಕೊಂಡರು. "ಒಂದು ಕುದೀಲಿ, ಆಮೇಲೆ ಇನ್ನೊಂದು! ಒಂದೇ ಎತ್ತಿಗೆ ಎರಡು ಗಾಡಿ ಕಟ್ತೀರಾ?" ಮೂರನೇ ದಿನ ಪೂವಯ್ಯ ನೋವು ತಾಳಲಾರದೆ ಇಳಿದು ಬಂದರು. ಹದಿನೇಳನೆಯ ಚೀಟಿ ಸಿಕ್ಕಿತು. ಬೋಜಮ್ಮ ಕಾಫಿ ಹಣ್ಣು ಕೊಯ್ಯುವ ಬುಟ್ಟಿಯೊಂದನ್ನು ಬೋರಲು ಹಾಕಿ "ಕೂತ್ಕೊಳ್ಳಿ ದೊರೆ, ನೆಲ ತೇವ" ಎಂದಳು. ಅವರ ಸರದಿ ಬಂದಾಗ ಬೂಟಿನ ಜೋಡಿ ಬೋಜಮ್ಮನ ಹರಿದ ಚಪ್ಪಲಿಗೂ ಸಣ್ಣಿಯ ಟಯರಿನ ಚಪ್ಪಲಿಗೂ ನಡುವೆ ಸಾಲಿನಲ್ಲಿ ಕೂತಿತು. ಅದನ್ನು ನೋಡಲೆಂದೇ ಪಕ್ಕದ ಎಸ್ಟೇಟಿನಿಂದ ಜನ ಬಂದರು.

ಭಾನುವಾರ ಮದುವೆ. ಯಮುನ ಹಸೆಮಣೆ ಹತ್ತಿ ದೊಡ್ಡವ್ವನ ಕಡೆ ತಿರುಗಿದಳು. ಸಣ್ಣಿ ಬಾಯಿ ತೆರೆದಳು, ಪೂರ್ತಿ ತೆರೆದಳು. ಹಲ್ಲಿನ ಸಂದಿಯಿಂದ ಸಣ್ಣಗೆ ಶಿಳ್ಳೆಯೂ ಸೇರಿಕೊಂಡು ಹಾಡು ಹೊರಟಿತು:

ಎರಡು ತಂತಿಯನೆಳೆದು ದೀಪವ ಹಚ್ಚಿದರು
ಮೂರನೇ ತಂತಿ ಮರೆತರು, ಬಂಗಲೆಯ
ದೊರೆಯ ಬೂಟು ಬಿಚ್ಚಿತು, ಸೋಬಾನೆ

ಒಲೆಯ ಇದ್ದಲು ಕೊಟ್ಟು ಗಡಿಗೆಯ ಉಪ್ಪು ಕೊಟ್ಟು
ನೆಲದವ್ವನ ಮಡಿಲು ತುಂಬಿದೆವು, ನಮ್ಮನೆಯ
ಮಗಳು ಹೊರಟಾಳೆ ಬೆಳಕಿಗೆ, ಸೋಬಾನೆ

ಹೆಂಗಸರು "ಸೋಬಾನೆ" ಎಂದು ಎತ್ತಿದ ದನಿಗೆ ತಗಡಿನ ಸೂರು ಗುಂಯ್ಗುಟ್ಟಿತು.

ಸೋಮವಾರ ಬೆಳಿಗ್ಗೆ ಪೂವಯ್ಯ ತೋಟಕ್ಕೆ ಹೊರಟವರು ಲೈನಿನ ಅಂಗಳದಲ್ಲಿ ನಿಂತರು. ಗಾಡಿ ಹೋಗಿತ್ತು, ಕೇಬಲೂ ಹೋಗಿತ್ತು. ಮೂಲೆಯಲ್ಲಿ ಮೊಳದುದ್ದ ಕೊಳವೆ ಮಾತ್ರ ತಲೆ ಎತ್ತಿ ನಿಂತಿತ್ತು. ಸಣ್ಣಿ ಅದರ ಬುಡಕ್ಕೆ ಒಂದು ಕೊಡ ನೀರು ಹೊಯ್ಯುತ್ತಿದ್ದಳು. ಅವಳ ಹಿಂದೆ ಬೋಜಮ್ಮ, ಆಮೇಲೆ ಇನ್ನೊಬ್ಬಳು, ಹೀಗೆ ಹನ್ನೆರಡು ಕೊಡ.

"ಗಾಡಿ ಹೋಯ್ತಲ್ಲ. ಇನ್ನು ಅದಕ್ಕೆ ಯಾಕೆ ನೀರು?"

ಸಣ್ಣಿ ಕೊಡವನ್ನು ಸೊಂಟಕ್ಕೇರಿಸಿ, ಹಲ್ಲಿಲ್ಲದ ಸಂದಿ ಕಾಣುವಷ್ಟು ಅಗಲವಾಗಿ ನಕ್ಕಳು.

"ಮೂರನೇ ತಂತಿ ನಮ್ಮ ಹತ್ರ ಸಿದ್ಧ ಇದೆ ದೊರೆ. ಉಳಿದ ಎರಡು ನಿಮ್ಮ ಕಡೆಯಿಂದ ಬರಬೇಕು. ಬರೋವರೆಗೂ ಹೊಯ್ತಾನೇ ಇರ್ತೀವಿ."